ಸುಂಕದ ಪಟ್ಟಿ ತೆರೆಯುವ ಮೊದಲು: ಯೋಜಿತ ಆರ್ಥಿಕತೆಯಲ್ಲಿ ವಿದೇಶಿ ವ್ಯಾಪಾರ ಬಿಡಿಸುವ ಕ್ರಮ

ಕೇಂದ್ರ ಯೋಜನೆಯಿಂದ ಮಾರುಕಟ್ಟೆಗೆ ಹೊರಳುವ ದೇಶದಲ್ಲಿ ವ್ಯಾಪಾರ ಸುಧಾರಣೆ ಎಂದ ಕೂಡಲೇ ಸುಂಕದ ಪಟ್ಟಿ ಹಿಡಿದು ಕೂರುವವರೇ ಹೆಚ್ಚು. ಆ ಕೆಲಸ ಆಮೇಲಿನದು. ಯೋಜಿತ ವ್ಯವಸ್ಥೆಯಲ್ಲಿ ಸುಂಕ ಹೆಸರಿಗಷ್ಟೇ ಇರುತ್ತದೆ. ಸರ್ಕಾರಿ ವ್ಯಾಪಾರ ನಿಗಮ ಕಾರ್ಖಾನೆಯಿಂದ ದೇಶದೊಳಗಿನ ನಿಗದಿತ ಬೆಲೆಗೆ ಸರಕು ಕೊಂಡು, ಹೊರಗೆ ಸಿಕ್ಕ ಬೆಲೆಗೆ ಮಾರುತ್ತದೆ. ಲಾಭ ಬಂದರೆ ಖಜಾನೆಗೆ, ನಷ್ಟವಾದರೆ ಖಜಾನೆಯಿಂದ. ಹೊರಗಿನ ಬೆಲೆ ಏರಿದ್ದೂ ಇಳಿದದ್ದೂ ಕಾರ್ಖಾನೆಗೆ ತಿಳಿಯುವುದೇ ಇಲ್ಲ. ಚೀನಾದಲ್ಲಿ 1978ರವರೆಗೆ ಹನ್ನೆರಡರಷ್ಟು ನಿಗಮಗಳೇ ಇಡೀ ದೇಶದ ವ್ಯಾಪಾರ ನಡೆಸುತ್ತಿದ್ದವು. ಹಾಗಾಗಿ ಮೊದಲು ವಿಚಾರಿಸಬೇಕಾದದ್ದು ಎರಡು: ಡಾಲರ್ ಯಾರಿಗೆ ಯಾವ ದರದಲ್ಲಿ ಸಿಗುತ್ತಿದೆ, ವ್ಯಾಪಾರದ ಹಕ್ಕು ಯಾರ ಕೈಯಲ್ಲಿದೆ.

ವಿನಿಮಯ ದರ

ಅಧಿಕೃತ ದರ ಡಾಲರ್‌ಗೆ 10, ಪೇಟೆ ದರ 30, ರಫ್ತುದಾರ ಗಳಿಕೆಯ ಅರ್ಧವನ್ನು ಅಧಿಕೃತ ದರಕ್ಕೆ ಒಪ್ಪಿಸಬೇಕು ಎಂದಿಟ್ಟುಕೊಳ್ಳಿ. ಅವನ ಕೈಸೇರುವುದು ಡಾಲರ್‌ಗೆ 20. ಅಂದರೆ ಯಾವ ಕಾಯ್ದೆಯಲ್ಲೂ ಬರೆಯದ ಶೇ 33ರ ರಫ್ತು ತೆರಿಗೆ. ಅತ್ತ ಅಧಿಕೃತ ದರದಲ್ಲಿ ಡಾಲರ್ ಗಿಟ್ಟಿಸಿದ ಆಮದುದಾರನಿಗೆ ಪ್ರತಿ ಡಾಲರ್‌ಗೂ 20 ಬಿಟ್ಟಿ. ಈ ಅಂತರ ಹಾಗೇ ಇದ್ದು ಸುಂಕವನ್ನು ಶೇ 30ರಿಂದ 20ಕ್ಕೆ ಇಳಿಸಿದರೆ ಯಾರ ಲೆಕ್ಕವೂ ಹೆಚ್ಚು ಬದಲಾಗದು. ಭಾರತದಲ್ಲೂ 1992ರ ಮಾರ್ಚ್‌ನಿಂದ ಒಂದು ವರ್ಷ ರಫ್ತು ಗಳಿಕೆಯ ಶೇ 40 ಅಧಿಕೃತ ದರಕ್ಕೆ, ಶೇ 60 ಪೇಟೆ ದರಕ್ಕೆ ಹೋಗುತ್ತಿತ್ತು. 1993ರ ಮಾರ್ಚ್‌ನಲ್ಲಿ ಎರಡನ್ನೂ ಒಂದು ಮಾಡಲಾಯಿತು.

ಒಂದೇ ಏಟಿಗೆ ಮಾಡುವುದಾದರೆ ಪೋಲೆಂಡ್‌ ನೋಡಿ. 1990ರ ಜನವರಿ 1ರಂದು ಡಾಲರ್‌ಗೆ 9,500 ಜ್ಲೋಟಿ ಎಂದು ಒಂದೇ ದರ ಕಟ್ಟಿ, ಜೊತೆಗೆ ದರ ಕಾಯಲು 100 ಕೋಟಿ ಡಾಲರ್‌ಗಳ ಸ್ಥಿರತಾ ನಿಧಿಯನ್ನು ಬೆನ್ನಿಗಿಟ್ಟುಕೊಂಡರು. ಮಿತಿಮೀರಿ ವೇತನ ಏರಿಸಿದ ಸರ್ಕಾರಿ ಉದ್ಯಮಗಳಿಗೆ ಭಾರೀ ತೆರಿಗೆ ಹಾಕಿದರು. ಈ ಕೊನೆಯದನ್ನು ಬಿಟ್ಟರೆ ಅಪಮೌಲ್ಯದ, ಅಂದರೆ ನಾಣ್ಯದ ಬೆಲೆ ಇಳಿಸಿದ್ದರ, ಅನುಕೂಲ ತಿಂಗಳುಗಳಲ್ಲೇ ಕರಗುತ್ತದೆ. ಅಲ್ಲಿಯೂ ಹಣದುಬ್ಬರವು ವಿನಿಮಯ ದರದ ಅನುಕೂಲವನ್ನು ತಿಂದುಹಾಕಿತು. 1991ರ ಮೇನಲ್ಲಿ ಮತ್ತೆ ಅಪಮೌಲ್ಯ ಮಾಡಿ, ಅಕ್ಟೋಬರ್‌ನಿಂದ ದಿನದಿನಕ್ಕೆ ಸ್ವಲ್ಪಸ್ವಲ್ಪ ಇಳಿಸುವ ಪದ್ಧತಿಗೆ ಹೋದರು. ದರ ಕಟ್ಟುವ ದಿನವೇ ಅದನ್ನು ಸಡಿಲಿಸುವ ದಾರಿಯನ್ನೂ ಬರೆದಿಡಿ.

ನಿಧಾನದ ದಾರಿ ಚೀನಾದ್ದು. ರಫ್ತುದಾರರು ಉಳಿಸಿಕೊಂಡ ಡಾಲರನ್ನು ವಿನಿಮಯ ಕೇಂದ್ರಗಳಲ್ಲಿ ಮಾರಲು ಬಿಟ್ಟು, ಬಹುಪಾಲು ವಹಿವಾಟು ಅತ್ತ ಸರಿದ ಮೇಲೆ, 1994ರ ಜನವರಿ 1ರಂದು ಅಧಿಕೃತ ದರವನ್ನು 5.8ರಿಂದ 8.7 ಯುವಾನ್‌ಗೆ ತಂದು ಸೇರಿಸಿದರು. ಆ ಹೊತ್ತಿಗೆ ಹೆಚ್ಚಿನ ವ್ಯಾಪಾರಿಗಳು ಪೇಟೆ ದರಕ್ಕೆ ಹೊಂದಿಕೊಂಡಾಗಿತ್ತು. ಯಾವ ದಾರಿ ಹಿಡಿದರೂ, ಸರ್ಕಾರಿ ಉದ್ಯಮಗಳ ನಷ್ಟ ತುಂಬಲು ಕೇಂದ್ರ ಬ್ಯಾಂಕ್ ನೋಟು ಮುದ್ರಿಸುತ್ತಿದ್ದರೆ ಒಂದಾದ ದರ ಮತ್ತೆ ಎರಡಾಗಿ ಸೀಳುತ್ತದೆ.

ವ್ಯಾಪಾರದ ಹಕ್ಕು ಮತ್ತು ರಫ್ತು

ಹಕ್ಕನ್ನು ಅರ್ಜಿ ನೋಡಿ ಹಂಚಬೇಡಿ. ನಿಷಿದ್ಧ ಸರಕುಗಳ ಚಿಕ್ಕ ಪಟ್ಟಿ ಇಟ್ಟು, ಉಳಿದದ್ದನ್ನು ನೋಂದಾಯಿತ ಉದ್ಯಮಗಳಿಗೆಲ್ಲ ಬಿಡಿ. ವಿಯೆಟ್ನಾಂ 1986ರಲ್ಲೇ ದೊಯಿ ಮೊಯಿ ಎಂಬ ಆರ್ಥಿಕ ಸುಧಾರಣೆ ಘೋಷಿಸಿದರೂ, ಪ್ರತ್ಯೇಕ ಲೈಸೆನ್ಸ್ ಇಲ್ಲದೆ ದೇಶೀಯ ಉದ್ಯಮಗಳು ಆಮದು-ರಫ್ತು ಮಾಡುವಂತಾದದ್ದು 1998ರಲ್ಲಿ.

ಅತಿ ದೊಡ್ಡ ಅನಾಹುತ ಆಗುವುದು ಕಚ್ಚಾಮಾಲಿನ ರಫ್ತಿನಲ್ಲಿ. ರಷ್ಯಾ 1992ರ ಜನವರಿಯಲ್ಲಿ ಬಹುತೇಕ ಬೆಲೆಗಳನ್ನು ಬಿಟ್ಟಿತು, ಆದರೆ ತೈಲದ ಬೆಲೆಯನ್ನು ವಿಶ್ವ ಬೆಲೆಗಿಂತ ಬಹಳ ಕೆಳಗೆ ಹಿಡಿದಿಟ್ಟು, ಹೊರಗೆ ಸಾಗಿಸಲು ಕೋಟಾ ಮತ್ತು ಲೈಸೆನ್ಸ್ ಇಟ್ಟುಕೊಂಡಿತು. ಒಳಗೆ ಅಗ್ಗಕ್ಕೆ ಕೊಂಡು ಹೊರಗೆ ಮಾರುವ ಕಾಗದ ಸಿಕ್ಕವರು ಕೋಟ್ಯಧಿಪತಿಗಳಾದರು. ಜನರಿಗೆ ಸೇರಬೇಕಿದ್ದ ಹಣ ಖಜಾನೆ ಮುಟ್ಟಲೇ ಇಲ್ಲ. ಇದು ಸುಧಾರಣೆಯಿಂದಾದ ಲೂಟಿ ಎಂದು ಜನ ನಂಬಿದರು. ನಿಜಕ್ಕೂ ಅರ್ಧಕ್ಕೆ ನಿಂತ ಸುಧಾರಣೆ ಮಾಡಿದ ಹಾನಿ ಅದು. ಒಳಬೆಲೆ ಏರಿಸಲು ಕಾಲ ಬೇಕಾದರೆ, ಅಂತರದಷ್ಟು ರಫ್ತು ತೆರಿಗೆ ಹಾಕಿ, ಅದು ಇಳಿಯುವ ದಿನಾಂಕಗಳನ್ನು ಮುಂಚೆಯೇ ಪ್ರಕಟಿಸಿ. ಕೋಟಾ ಅನಿವಾರ್ಯವಾದರೆ ಬಹಿರಂಗ ಹರಾಜು ಹಾಕಿ.

ಈಗ ಸುಂಕ

ಆಮದು ಕೋಟಾಗಳನ್ನು ಸುಂಕವಾಗಿಸುವಾಗ ಬೆಲೆಯ ಅಂತರ ಅಳೆಯಿರಿ. ಬಂದರಿನಲ್ಲಿ 100ಕ್ಕೆ ಇಳಿಯುವ ಸರಕು ಒಳಗೆ ಸಗಟಿನಲ್ಲಿ 160ಕ್ಕೆ ಮಾರುತ್ತಿದ್ದು, ಸಾಗಣೆ ಮತ್ತು ವ್ಯಾಪಾರಿಯ ಲಾಭ 10 ಇದ್ದರೆ ಸಮಾನ ಸುಂಕ ಶೇ 50. ಈ ಮಟ್ಟದಿಂದ ಆರಂಭಿಸಿ ವರ್ಷವರ್ಷಕ್ಕೆ ಇಳಿಸಿ. ಪೋಲೆಂಡ್ 1990ರಲ್ಲಿ ಅನೇಕ ಸುಂಕಗಳನ್ನು ತಡೆಹಿಡಿದು, 1991ರ ಆಗಸ್ಟ್‌ನಲ್ಲಿ ಏರಿಸಬೇಕಾಯಿತು. ಹಾಗೆ ಹಿಂದೆ ಮುಂದೆ ಆಡಿದರೆ ಹೂಡಿಕೆದಾರನಿಗೆ ಯಾವ ಪ್ರಕಟಣೆಯಲ್ಲೂ ನಂಬಿಕೆ ಉಳಿಯುವುದಿಲ್ಲ.

ಪಟ್ಟಿಯಲ್ಲಿ ಕಾಣುವ ದರ ನಿಜವಾದ ರಕ್ಷಣೆಯನ್ನು ತೋರಿಸುವುದಿಲ್ಲ. 100ರ ಅಂಗಿಗೆ 60ರ ಬಟ್ಟೆ ಬೇಕು. ಅಂಗಿಗೆ ಶೇ 30, ಬಟ್ಟೆಗೆ ಶೇ 10 ಸುಂಕ. ವಿಶ್ವ ಬೆಲೆಯಲ್ಲಿ ಹೊಲಿಗೆ ಘಟಕ ಸೇರಿಸುವ ಮೌಲ್ಯ 40, ಒಳಗೆ 130ರಲ್ಲಿ 66 ಕಳೆದರೆ 64. 40ರ ಮೇಲೆ 24 ಹೆಚ್ಚು, ಅಂದರೆ ರಕ್ಷಣೆ ಶೇ 60. ಒಂದೇ ಹಂತದ ಏಕರೂಪ ಸುಂಕ ಇದ್ದರೆ ಇಂಥ ಅಡಗಿದ ರಕ್ಷಣೆಗೆ ಜಾಗ ಕಡಿಮೆ, ಕಸ್ಟಮ್ಸ್ ಕಟ್ಟೆಯಲ್ಲಿ ಚೌಕಾಸಿಯೂ ಕಡಿಮೆ. ಕೆಲವು ಕಾರ್ಖಾನೆಗಳಲ್ಲಿ ಒಳಸುರಿಗಳ ವಿಶ್ವ ಬೆಲೆಯೇ ಸಿದ್ಧ ಸರಕಿನ ಬೆಲೆಗಿಂತ ಹೆಚ್ಚಿರುತ್ತದೆ. ಅವನ್ನು ಯಾವ ಸುಂಕವೂ ಉಳಿಸದು. ಅವನ್ನು ಉಳಿಸಲು ಸುರಿಯುವ ಹಣ ಅಲ್ಲಿನ ಕಾರ್ಮಿಕರ ನಿರುದ್ಯೋಗ ಭತ್ಯೆಗೆ ಮತ್ತು ಮರುತರಬೇತಿಗೆ ಹೋಗಲಿ.

ರಫ್ತುದಾರನ ಕಚ್ಚಾಮಾಲಿಗೆ ಕಟ್ಟಿದ ಸುಂಕ ಬೇಗ ಮರಳಬೇಕು. ಮರುಪಾವತಿ ತಿಂಗಳುಗಟ್ಟಲೆ ಎಳೆದರೆ ಅವನ ದುಡಿಯುವ ಬಂಡವಾಳ ಸಿಕ್ಕಿಕೊಳ್ಳುತ್ತದೆ. ಕಚೇರಿಗೆ ಆ ಸಾಮರ್ಥ್ಯ ಇಲ್ಲವಾದರೆ, ಚೀನಾದಂತೆ, ಸಂಸ್ಕರಿಸಿ ಮತ್ತೆ ರಫ್ತು ಮಾಡಲೆಂದೇ ತರಿಸುವ ಆಮದಿಗೆ ಆರಂಭದಲ್ಲೇ ವಿನಾಯಿತಿ ಕೊಟ್ಟು ದಾಸ್ತಾನು ಪರಿಶೀಲಿಸುವುದು ಮೇಲು.

ಕೊನೆಗೆ ಇಳಿಸಿದ ಸುಂಕಗಳನ್ನು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಬದ್ಧಗೊಳಿಸಿ, ಮುಂದಿನ ಸರ್ಕಾರ ಸುಲಭವಾಗಿ ಏರಿಸಲಾಗದಂತೆ. ಇದು ದೀರ್ಘ ಕೆಲಸ: ವಿಯೆಟ್ನಾಂ 1995ರಲ್ಲಿ ಅರ್ಜಿ ಹಾಕಿ 2007ರ ಜನವರಿಯಲ್ಲಿ ಸದಸ್ಯತ್ವ ಪಡೆಯಿತು. ಮಾರುಕಟ್ಟೆಯೇತರ ಆರ್ಥಿಕತೆ ಎಂಬ ಹಣೆಪಟ್ಟಿಯನ್ನು 2018ರ ಕೊನೆಯವರೆಗೆ ಒಪ್ಪಿಕೊಳ್ಳಬೇಕಾಯಿತು. ಅದರ ಅರ್ಥ, ಡಂಪಿಂಗ್ (ನ್ಯಾಯ ಬೆಲೆಗಿಂತ ಅಗ್ಗಕ್ಕೆ ಹೊರದೇಶದಲ್ಲಿ ಮಾರುವುದು) ತನಿಖೆಯಲ್ಲಿ ನಿಮ್ಮ ಬೆಲೆಗಳನ್ನು ಬದಿಗಿಟ್ಟು ಬೇರೆ ದೇಶದ ಬೆಲೆಯಲ್ಲಿ ಲೆಕ್ಕ ಹಾಕಬಹುದು. 2003ರಲ್ಲಿ ವಿಯೆಟ್ನಾಂ ಮೀನಿನ ಪ್ರಕರಣದಲ್ಲಿ ಅಮೆರಿಕ ಬಾಂಗ್ಲಾದೇಶದ ಬೆಲೆಗಳನ್ನು ಬಳಸಿತು. ಆಗಲೂ ಎಷ್ಟು ಮೇವು, ವಿದ್ಯುತ್, ಕೂಲಿ ಗಂಟೆ ಹಿಡಿಯಿತು ಎಂಬ ಪ್ರಮಾಣವನ್ನು ಉತ್ಪಾದಕನ ಪುಸ್ತಕದಿಂದಲೇ ತೆಗೆಯುತ್ತಾರೆ. ಆದ್ದರಿಂದ ರಫ್ತು ಘಟಕಗಳು ಒಳಸುರಿಗಳ ಲೆಕ್ಕವನ್ನು ಮೊದಲ ವರ್ಷದಿಂದಲೇ ಹಣದ ಜೊತೆಗೆ ತೂಕ, ಯೂನಿಟ್, ಗಂಟೆಗಳಲ್ಲಿ ಬರೆದಿಡುವಂತೆ ಮಾಡಿ.