ಫ್ಯೂಸರ್ ಬದಲಿಸದೆ ಅತಿಬಿಸಿ ನಿಲ್ಲಿಸಿದ ನನ್ನ ಅನುಭವ

ಟೋನರ್ ಪುಡಿಯನ್ನು ಬಿಸಿ ರೋಲರಿನಿಂದ ಕರಗಿಸಿ ಕಾಗದಕ್ಕೆ ಅಂಟಿಸುವ ಭಾಗವೇ ಫ್ಯೂಸರ್. ಅದು ಅತಿಯಾಗಿ ಬಿಸಿಯಾಗುತ್ತಿದ್ದ ನನ್ನ ಫೋಟೋಕಾಪಿ ಯಂತ್ರ ಇಡೀ ಫ್ಯೂಸರ್ ಬದಲಿಸದೆ ಉಳಿಯುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದವರೇ ಈಗ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಹೊಸ ಘಟಕದ ಬೆಲೆ ಯಂತ್ರದ ಬೆಲೆಯ ಅರ್ಧದಷ್ಟಿತ್ತು. ಕೊನೆಗೆ ಕೆಲಸ ಮಾಡಿದ ದುರಸ್ತಿಗೆ ತಗುಲಿದ್ದು ಅದರ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲ.

ಹೆಚ್ಚು ಹಣ ತಿಂದದ್ದು ಅದಕ್ಕೆ ಮುಂಚಿನ ಸಲಹೆಗಳು. ರೋಲರನ್ನು ಕಾಯಿಸುವ ಹ್ಯಾಲೋಜನ್ ಲ್ಯಾಂಪ್ ಬದಲಾಯಿತು, ಆ ಲ್ಯಾಂಪನ್ನು ಹೊತ್ತಿಸಿ ಆರಿಸುವ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಬೋರ್ಡ್ ಬದಲಾಯಿತು. ಬಿಸಿ ಮಿತಿಮೀರಿದರೆ ವಿದ್ಯುತ್ ಕಡಿಯುವ ಥರ್ಮೋಸ್ಟಾಟ್ ಹೊಸದು ಹಾಕಿದರೆ ವಾರ ತುಂಬುವುದರೊಳಗೆ ಕಡಿದುಕೊಳ್ಳುತ್ತಿತ್ತು. ಅದನ್ನು ತಂತಿಯಿಂದ ನೇರ ಜೋಡಿಸಿಬಿಡಿ ಎಂದವರೂ ಇದ್ದರು. ನಾನು ಒಪ್ಪಲೇ ಇಲ್ಲ. ಟ್ರಯಾಕ್ ಕೆಟ್ಟರೆ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಕೆಡುತ್ತದೆ. ಆಗ ಬೋರ್ಡ್ ಆರಿಸು ಎಂದರೂ ಲ್ಯಾಂಪ್ ಉರಿಯುತ್ತಲೇ ಇರುತ್ತದೆ. ಬೋರ್ಡಿನ ಹಂಗಿಲ್ಲದೆ ಲ್ಯಾಂಪಿನ ವಿದ್ಯುತ್ತನ್ನು ತಾನೇ ಕಡಿಯುವುದು ಆ ಪುಟ್ಟ ಥರ್ಮೋಸ್ಟಾಟ್.

ದಾರಿ ತೋರಿಸಿದ್ದು ಪ್ರತಿಗಳು. ಪ್ರತಿ ಹಾಳೆಯಲ್ಲೂ ಅಕ್ಷರಗಳ ಮಸುಕು ನೆರಳು ಸುಮಾರು 125 ಮಿ.ಮೀ. ಕೆಳಗೆ ಮತ್ತೆ ಮೂಡುತ್ತಿತ್ತು. ಅದು ಚಿತ್ರ ಮೂಡಿಸುವ ಡ್ರಮ್ಮಿನ ಸುತ್ತಳತೆಯಲ್ಲ, ಫ್ಯೂಸರಿನ 40 ಮಿ.ಮೀ. ವ್ಯಾಸದ ಹೀಟ್ ರೋಲರಿನ ಸುತ್ತಳತೆ. ಟೋನರ್ ಅತಿಯಾಗಿ ಕರಗಿ ರೋಲರಿಗೆ ಅಂಟುತ್ತಿತ್ತು. ರೋಲರಿನ ಬಿಸಿಯನ್ನು ಬೋರ್ಡಿಗೆ ತಿಳಿಸುವ ಥರ್ಮಿಸ್ಟರ್ ಮಾತ್ರ ಮಲ್ಟಿಮೀಟರಿನಲ್ಲಿ ಸರಿಯಾಗಿತ್ತು: ತಣ್ಣಗಿದ್ದಾಗ 300 ಕಿಲೋ ಓಮ್ ಆಸುಪಾಸು, ಬಿಸಿಯಾದಂತೆ ನಯವಾಗಿ ಇಳಿಯುತ್ತಿತ್ತು. ಎಲ್ಲರೂ ಅಲ್ಲಿಗೇ ಕೈಬಿಟ್ಟಿದ್ದರು. ನಾನು ಥರ್ಮಿಸ್ಟರಿನ ಪಕ್ಕದಲ್ಲೇ ರೋಲರಿಗೆ ತೆಳುವಾದ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಒತ್ತಿ ನೋಡಿದೆ. ಥರ್ಮಿಸ್ಟರಿನ ಲೆಕ್ಕ ತೋರಿಸುವ ಯಂತ್ರದ ಸರ್ವಿಸ್ ಮೋಡ್ 185 ಡಿಗ್ರಿ ಎನ್ನುತ್ತಿದ್ದರೆ ಥರ್ಮೋಕಪಲ್ 215ರ ಹತ್ತಿರ ತೋರಿಸಿತು.

ಬಿಚ್ಚಿ ನೋಡಿದರೆ ಥರ್ಮಿಸ್ಟರಿನ ಕಂದು ಬಣ್ಣದ ತೆಳು ಹೊದಿಕೆಯ ಮೇಲೆ ಟೋನರ್ ಮತ್ತು ಕಾಗದದ ಧೂಳು ಸೇರಿ ಉಗುರಿನಷ್ಟು ಗಟ್ಟಿಯಾದ ಹೊಪ್ಪಳೆ. ಅದನ್ನು ರೋಲರಿಗೆ ಒತ್ತಿ ಹಿಡಿಯುವ ತೋಳಿನ ಸ್ಪ್ರಿಂಗೂ ಸೋತಿತ್ತು. ರೋಲರ್ ಸುಡುತ್ತಿದ್ದರೂ ಬೋರ್ಡಿಗೆ ತಂಪು ಎಂಬ ಸುದ್ದಿ ಹೋಗುತ್ತಿತ್ತು, ಅದು ಲ್ಯಾಂಪನ್ನು ಇನ್ನಷ್ಟು ಹೊತ್ತು ಉರಿಸುತ್ತಿತ್ತು. ಕೆರೆದರೆ ಹೊದಿಕೆ ಹರಿಯುತ್ತದೆ. ಹೊಪ್ಪಳೆಯನ್ನು ನಾನು ಮೆತ್ತಗಾಗಿಸುವ ಬಗೆಯನ್ನೂ ಸ್ಪ್ರಿಂಗಿಗೆ ಕೊಟ್ಟ ಬಾಗನ್ನೂ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಕೊನೆಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸ ಥರ್ಮೋಸ್ಟಾಟ್ ಹಾಕಿದೆ. ಸರ್ವಿಸ್ ಮೋಡಿಗೂ ಥರ್ಮೋಕಪಲ್ಲಿಗೂ ಇದ್ದ ಅಂತರ ನಾಲ್ಕೈದು ಡಿಗ್ರಿಗೆ ಇಳಿಯಿತು.

ಇನ್‌ಫ್ರಾರೆಡ್ ಗನ್ನನ್ನೂ (ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಸಾಧನ) ಹಿಡಿದು ನೋಡಿದೆ. ಹೊಳೆಯುವ ರೋಲರಿನ ಮೇಲೆ ಅದರ ಅಂಕಿ ನಂಬಲು ಬಾರದು.

ಥರ್ಮೋಕಪಲ್ ಕೈಯಲ್ಲಿತ್ತಲ್ಲ, ಕಿರಿದಾದ ಹಾಳೆಗಳನ್ನೂ ಬಿಡುವಿಲ್ಲದೆ ಓಡಿಸಿ ನೋಡಿದೆ. ನಡುಭಾಗದ ಶಾಖವನ್ನು ಕಾಗದ ಒಯ್ಯುತ್ತದೆ, ತುದಿಗಳದ್ದನ್ನು ಯಾರೂ ಒಯ್ಯುವುದಿಲ್ಲ. ಇನ್ನೂರು ಹಾಳೆ ಆಗುವ ಹೊತ್ತಿಗೆ ತುದಿಗಳು ನಡುವಿಗಿಂತ 25 ಡಿಗ್ರಿಯಷ್ಟು ಮೇಲಿದ್ದವು. ಈ ಯಂತ್ರದಲ್ಲಿರುವುದು ಒಂದೇ ಲ್ಯಾಂಪ್. ನಡುವಿಗೊಂದು, ತುದಿಗಳಿಗೊಂದು ಲ್ಯಾಂಪ್ ಇರುವ ಯಂತ್ರಗಳಂತೆ ತುದಿಯದನ್ನಷ್ಟೇ ಆರಿಸಲಾಗದು. ಅದಕ್ಕೇ ಕಿರಿದಾದ ಹಾಳೆಯ ಕೆಲಸವನ್ನು ಈಗ ಐವತ್ತೈವತ್ತರ ಕಂತಿನಲ್ಲಿ, ನಡುವೆ ಬಿಡುವು ಕೊಟ್ಟು ಓಡಿಸುತ್ತೇನೆ. ದುರಸ್ತಿಯ ನಂತರ ಸುಮಾರು 40,000 ಪ್ರತಿ ಬಂದಿವೆ, ಥರ್ಮೋಸ್ಟಾಟ್ ಇನ್ನೂ ಅದೇ.