ನೈಟ್ ಶಿಫ್ಟ್ ಅಲೋವೆನ್ಸ್: ರಾತ್ರಿಯನ್ನು ಹನ್ನೆರಡಕ್ಕೆ ಕತ್ತರಿಸಬೇಡಿ

ಸಂಬಳ ಹಾಕಿದ ಮರುದಿನ ನಾನು ಬೆಳಿಗ್ಗೆ ಆರಕ್ಕೇ ಆಫೀಸಿಗೆ ಬರುತ್ತೇನೆ. ನೈಟ್ ಶಿಫ್ಟಿನವರು ಕ್ಯಾಬ್ ಹತ್ತುವ ಹೊತ್ತು ಅದು. ಪೇ ಸ್ಲಿಪ್ ಬಗ್ಗೆ ಏನಾದರೂ ಕೇಳಬೇಕಿದ್ದರೆ ಆಗಲೇ ಕೇಳಿ ಹೋಗಬಹುದು, ಅಲ್ವಾ?

ಈ ಅಭ್ಯಾಸ ಶುರುವಾದದ್ದು ಒಬ್ಬ ಹುಡುಗನಿಂದ. ಆಗ ನಾನು ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಸಪೋರ್ಟ್ ಸೆಂಟರಿನಲ್ಲಿ ಪೇರೋಲ್, ಅಂದರೆ ಸಂಬಳದ ಲೆಕ್ಕ, ನೋಡುತ್ತಿದ್ದೆ. ಹತ್ತೂವರೆಗೆ ಒಳಗೆ ಬಂದರೆ ಅವನು ನನ್ನ ಟೇಬಲ್ ಪಕ್ಕ ಕೂತಿದ್ದ. ಕಣ್ಣು ಕೆಂಪಗೆ. ಕೈಯಲ್ಲಿದ್ದ ಹಾಜರಿ ಪ್ರಿಂಟಿನಲ್ಲಿ ಎರಡು ತಾರೀಖಿಗೆ ನೀಲಿ ಪೆನ್ನಿನ ಸುತ್ತು. 14ಕ್ಕೆ ರಾತ್ರಿ 9:52ರ ಇನ್ ಪಂಚ್ (ಒಳಗೆ ಬಂದ ಗುರುತು) ಇತ್ತು, ಔಟ್ ಇರಲಿಲ್ಲ. 15ಕ್ಕೆ ಬೆಳಿಗ್ಗೆ 6:08ರ ಔಟ್ ಇತ್ತು, ಇನ್ ಇರಲಿಲ್ಲ. ಎರಡೂ ದಿನ ಅರ್ಧರ್ಧ ಸಂಬಳ ಕಟ್. ಇಡೀ ರಾತ್ರಿ ದುಡಿದವನಿಗೆ ಸಾಫ್ಟ್‌ವೇರ್ ಕೊಟ್ಟ ಲೆಕ್ಕ ಅದು.

ಅದಕ್ಕೇ ನೈಟ್ ಶಿಫ್ಟ್ ಅಲೋವೆನ್ಸ್, ಅಂದರೆ ರಾತ್ರಿ ದುಡಿದದ್ದಕ್ಕೆ ಸಂಬಳದ ಮೇಲೆ ಕೊಡುವ ಭತ್ಯೆ, ಎಷ್ಟು ಅನ್ನುವ ಮಾತಿಗಿಂತ ಮೊದಲು ತಾರೀಖು ಸರಿಮಾಡಿ. ಶಿಫ್ಟ್ ಯಾವ ದಿನ ಶುರುವಾಯಿತೋ ಇಡೀ ಶಿಫ್ಟ್ ಆ ದಿನದ್ದೇ. ಇದೇನು ಹೊಸ ಮಾತಲ್ಲ. ಮಧ್ಯರಾತ್ರಿ ದಾಟಿದ ಗಂಟೆಗಳನ್ನು ಹಿಂದಿನ ದಿನಕ್ಕೇ ಸೇರಿಸಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಹಾಜರಿ ಸಾಫ್ಟ್‌ವೇರಿನಲ್ಲಿ ದಿನ ಮುಗಿಯುವ ಸಮಯ ಅಂತ ಒಂದು ಸೆಟ್ಟಿಂಗ್ ಇರುತ್ತದೆ. ನೈಟ್ ಶಿಫ್ಟಿಗೆ ಮಾತ್ರ ಅದನ್ನು ಮಧ್ಯಾಹ್ನ 12ಕ್ಕೆ ಇಡಿ. ಎಲ್ಲ ಶಿಫ್ಟಿಗೂ ಇಟ್ಟರೆ ಬೆಳಗಿನವರ ಲೆಕ್ಕ ಕೆಡುತ್ತದೆ. ಎಕ್ಸೆಲ್‌ನಲ್ಲಿ ಮಾಡುವವರಿಗೆ ಔಟ್‌ನಿಂದ ಇನ್ ಕಳೆದಾಗ ಮೈನಸ್ ಬರುತ್ತದೆ. ಮೈನಸ್ ಬಂದರೆ 24 ಗಂಟೆ ಕೂಡಿಸಿ.

ಈಗ ಎಷ್ಟು ಕೊಡಬೇಕು? ರಾತ್ರಿ ಪಾಳಿಗೆ ಇಂತಿಷ್ಟು ಜಾಸ್ತಿ ಕೊಡಿ ಅಂತ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ದರ ಹಾಕಿಲ್ಲ. ಕಂಪನಿಯೇ ತೀರ್ಮಾನ ಮಾಡಬೇಕು. ಒಂದು ರಾತ್ರಿಗೆ ಇಷ್ಟು ಅಂತ ಕೊಡಬಹುದು, ಗಂಟೆಗೆ ಇಷ್ಟು ಅಂತಲೂ ಕೊಡಬಹುದು. ನಾನು ಗಂಟೆ ಲೆಕ್ಕದ ಕಡೆ. ಅದೂ ಶೇಕಡಾವಾರು ಬೇಡ, ಎಲ್ಲರಿಗೂ ಒಂದೇ ಮೊತ್ತ. ಶೇಕಡಾವಾರು ಮಾಡಿದರೆ ಮ್ಯಾನೇಜರ್ ನಿದ್ದೆಗೆ ಜಾಸ್ತಿ ಬೆಲೆ, ಹೊಸ ಹುಡುಗಿಯ ನಿದ್ದೆಗೆ ಕಡಿಮೆ ಬೆಲೆ ಅಂತ ಆಗುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ.

ರಾತ್ರಿ ಅಂದರೆ ಎಷ್ಟರಿಂದ ಎಷ್ಟು ಅಂತಲೂ ಬರೆದಿಡಿ. 10ರಿಂದ 6 ಅಂತ ಇಟ್ಟುಕೊಳ್ಳೋಣ, ಗಂಟೆಗೆ 40 ರೂಪಾಯಿ. ಅಮೆರಿಕದ ಸಮಯಕ್ಕೆ ಕೆಲಸ ಮಾಡುವವರನ್ನು ನೋಡಿ. ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತೂವರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ 7. ಆಗ ಶಿಫ್ಟ್ 7ರಿಂದ ಬೆಳಗಿನ ಜಾವ 4. ರಾತ್ರಿ ಗಂಟೆ 6, ಅಂದರೆ 240 ರೂಪಾಯಿ. ನವೆಂಬರಿನ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಇಲ್ಲಿ ಶಿಫ್ಟ್ 8ರಿಂದ 5 ಆಗುತ್ತದೆ. ರಾತ್ರಿ ಗಂಟೆ 7, ಮೊತ್ತ 280. ಮಾರ್ಚಿನ ಎರಡನೇ ಭಾನುವಾರ ಮತ್ತೆ ಮೊದಲಿನಂತೆ. ಶಿಫ್ಟಿನ ಹೆಸರಿಗೆ ದುಡ್ಡು ಕಟ್ಟಿಬಿಟ್ಟರೆ ಈ ಒಂದು ಗಂಟೆ ಯಾರ ಕಣ್ಣಿಗೂ ಬೀಳುವುದಿಲ್ಲ. ಊಟದ ಬ್ರೇಕನ್ನು ದಯವಿಟ್ಟು ಕಳೆಯಬೇಡಿ. ಕಂಪನಿ ಕ್ಯಾಬೇ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ತಡವಾದರೆ ಶಿಫ್ಟಿನ ಸಮಯವನ್ನೇ ಹಿಡಿಯಿರಿ, ಪಂಚ್ ಸಮಯವನ್ನಲ್ಲ.

ಓವರ್‌ಟೈಮ್ ಬೇರೆ, ಇದು ಬೇರೆ. ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಡಬಲ್ ಕೊಡಲೇಬೇಕು, ಅದು ಕಾನೂನು. ನೈಟ್ ಅಲೋವೆನ್ಸ್ ಕೊಟ್ಟಿದ್ದೇವಲ್ಲ ಅಂತ ಅದನ್ನು ಮುರಿದುಕೊಳ್ಳುವ ಹಾಗಿಲ್ಲ.

ಹಬ್ಬ, ರಜೆ ಬಂದಾಗ ತಲೆ ಸ್ವಲ್ಪ ಜಾಸ್ತಿ ಓಡಿಸಬೇಕು. ರಾಜ್ಯೋತ್ಸವವನ್ನೇ ನೋಡಿ. ಅಕ್ಟೋಬರ್ 31ರ ರಾತ್ರಿ 10ಕ್ಕೆ ಬಂದವರ ಆರು ಗಂಟೆ ನವೆಂಬರ್ 1ರಲ್ಲಿ ಬೀಳುತ್ತದೆ. 1ರ ರಾತ್ರಿ ಬಂದವರದು ಎರಡೇ ಗಂಟೆ. ಶುರುವಾದ ದಿನದ ರೂಲನ್ನೇ ಇಲ್ಲೂ ಹಾಕಿದರೆ 31ರವರಿಗೆ ಏನೂ ಸಿಗುವುದಿಲ್ಲ, ಹಗಲೆಲ್ಲ ಮಲಗಿ ರಜೆಯೂ ಕಳೆದಿರುತ್ತದೆ. ಹಾಗಾಗಿ ನಾನು ಹಾಜರಿಯನ್ನು ಶುರುವಾದ ದಿನಕ್ಕೆ ಬರೆಯುತ್ತೇನೆ. 31ರವರ ಆರು ಗಂಟೆಗೆ ಮಾತ್ರ ಗಡಿಯಾರ ನೋಡಿ ರಜೆಯ ದರ ಸೇರಿಸುತ್ತೇನೆ. 1ರ ರಾತ್ರಿಯವರಿಗೆ ಇಡೀ ಶಿಫ್ಟೇ ರಜೆಯ ಕೆಲಸ.

ಈ ಅಲೋವೆನ್ಸ್‌ಗೆ ಇನ್‌ಕಮ್ ಟ್ಯಾಕ್ಸ್ ಇದೆ. ಅದನ್ನು ಮೊದಲೇ ಹೇಳಿಬಿಡಿ, ಪೇ ಸ್ಲಿಪ್‌ನಲ್ಲಿ ಬೇರೆ ಸಾಲಿನಲ್ಲಿ ತೋರಿಸಿ, ಗಂಟೆಗಳ ಸಮೇತ.

ರೂಲ್ ಆನ್ ಮಾಡುವ ಮುಂಚೆ ಮೂವರ ಲೆಕ್ಕವನ್ನು ಕೈಯಲ್ಲೇ ಬರೆದು ನೋಡಿ. ಪೂರ್ತಿ ರಾತ್ರಿ ಮಾಡಿದವರು ಒಬ್ಬರು, 7ರಿಂದ 4ರವರು ಒಬ್ಬರು, 31ರ ರಾತ್ರಿಯವರು ಒಬ್ಬರು. ಆ ಹಾಳೆಯನ್ನೇ ಅವರ ಮುಂದಿಟ್ಟು, ನೀವು ಮಾಡಿದ ಗಂಟೆ ಇಷ್ಟೇನಾ ಅಂತ ಕೇಳಿ. ಬೆಳಿಗ್ಗೆ, ಕ್ಯಾಬ್ ಹೊರಡುವ ಮೊದಲು.