26 ಹೆಸರು ಬರೆಯುವ ಮೊದಲು ಮೂರನೇ ಗೋಲಿಯನ್ನು ಹುಡುಕಿ

ಫುಟ್‌ಬಾಲ್ ವಿಶ್ವಕಪ್ ವರ್ಷ ಬಂತು ಅಂದರೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕುಂಬಳೆಗೆ ಹೋಗುವ ದಾರಿಯಲ್ಲಿ ಫ್ಲೆಕ್ಸ್ ಏಳುವುದು ಗೊತ್ತಲ್ವಾ, ಒಂದು ತಿರುವಿನಲ್ಲಿ ಬ್ರೆಜಿಲ್‌ನ ಹಳದಿ, ಮುಂದಿನ ತಿರುವಿನಲ್ಲಿ ಅರ್ಜೆಂಟೀನಾದ ನೀಲಿ-ಬಿಳಿ. ಅದಕ್ಕೂ ಮೊದಲು ನಮ್ಮ ಚಾ ಅಂಗಡಿಯಲ್ಲಿ ಇನ್ನೊಂದು ಆಟ ಶುರುವಾಗುತ್ತದೆ. ಕೋಚ್ ತಂಡ ಹೇಳುವ ಮೊದಲೇ ಎಲ್ಲ ಹೆಸರು ಬರೆದು ಕೊಡಬೇಕು. ಜಾಸ್ತಿ ಸರಿ ಬಂದವನಿಗೆ ಉಳಿದವರು ಪರೋಟ ಕೊಡಿಸಬೇಕು. 2022ರಲ್ಲಿ ಬ್ರೆಜಿಲ್ ಪಟ್ಟಿಯಲ್ಲಿ ನಾನು ಸೋತೆ, ಅದೂ ಹತ್ತನೇ ಕ್ಲಾಸಿನ ಅಳಿಯನ ಎದುರು. ಸೋತ ಮೇಲೆ ಬುದ್ಧಿ ಬಂತು, ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ಎಲ್ಲರೂ ಮಾಡುವ ತಪ್ಪು ಒಂದೇ. ನೆಯ್ಮರ್, ವಿನಿಸಿಯಸ್ ಎಂದು ಮುಂದಿನಿಂದ ಬರೆಯುತ್ತಾ ಹೋಗುವುದು. ಆ ಹೆಸರು ಯಾರು ಬೇಕಾದರೂ ಬರೆಯುತ್ತಾರೆ ಮಾರಾಯ್ರೆ, ಅದರಿಂದ ನೀವೇನೂ ಮೇಲೆ ಬರುವುದಿಲ್ಲ. ಹಿಂದಿನಿಂದ ಬನ್ನಿ. ಕಾಗದದಲ್ಲಿ 26 ಗೆರೆ ಎಳೆಯಿರಿ (2018ರವರೆಗೆ 23 ಇತ್ತು, ಕತಾರ್‌ನಲ್ಲಿ 26 ಮಾಡಿದರು). ಅದರಲ್ಲಿ ಕಡಿಮೆ ಎಂದರೂ ಮೂರು ಜನ ಗೋಲಿಗಳು (ಗೋಲ್‌ಕೀಪರ್‌ಗಳು) ಇರಲೇಬೇಕು, ಅದು ಫಿಫಾ ನಿಯಮ. ಮೊದಲ ಇಬ್ಬರು ಯಾರು ಎಂದು ಎಲ್ಲರಿಗೂ ಗೊತ್ತಿರುತ್ತದೆ. ಮೂರನೆಯವನ ಹತ್ತಿರ ಬಂದಾಗ ಪೆನ್ನು ನಿಲ್ಲುತ್ತದೆ. ಆಡಲು ಸಿಗದಿದ್ದರೂ ಮುಖ ಗಂಟು ಹಾಕದೆ ದಿನಾ ಪ್ರಾಕ್ಟೀಸಿಗೆ ಬರುವವನು ಕೋಚ್‌ಗೆ ಬೇಕು, ಹಾಗಾಗಿ ಹೆಚ್ಚಾಗಿ ಅನುಭವಿಯನ್ನೇ ಕರೆಯುತ್ತಾರೆ. ಬ್ರೆಜಿಲ್‌ಗೆ ಆ ವರ್ಷ ಅದು ವೆವರ್ಟನ್. ಅವನಿಗೆ ಆಡಲು ಸಿಗುವುದಿಲ್ಲ ಎಂದು ನಾವು ನಕ್ಕಿದ್ದೆವು. ದಕ್ಷಿಣ ಕೊರಿಯಾದ ಮೇಲೆ 4-1 ಇದ್ದಾಗ ಕೋಚ್ ಟಿಟೆ ಅವನನ್ನೂ ಇಳಿಸಿದರು, 26 ಜನರೂ ಆಡಿದ ಹಾಗಾಯಿತು.

ಆಮೇಲೆ ಲೆಕ್ಕ ಸುಲಭ. ಗೋಲಿ ಬಿಟ್ಟು ಹತ್ತು ಜಾಗ, ಒಂದೊಂದಕ್ಕೆ ಇಬ್ಬರು, ಒಟ್ಟು ಇಪ್ಪತ್ತು. ಮೂರು ಗೋಲಿ ಸೇರಿ 23. ಉಳಿದದ್ದು ಮೂರೇ ಗೆರೆ, ಪರೋಟ ಯಾರಿಗೆ ಎಂದು ಅಲ್ಲೇ ತೀರ್ಮಾನ ಆಗುವುದು.

ನಾನು ಕೆಟ್ಟದ್ದೂ ಅಲ್ಲೇ. ಆ ದಿನ ಅಂಗಳದಲ್ಲಿ ಅಡಿಕೆ ಹರಡಿತ್ತು, ನಾನು ಜಗಲಿಯಲ್ಲಿ ಕೂತು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಫಾರ್ವರ್ಡ್ (ಗೋಲು ಹೊಡೆಯಲು ಮುಂದೆ ಆಡುವವ) ಫಿರ್ಮಿನೊ ಹೆಸರು ಬರೆದು ಅಡಿಗೆ ಎರಡು ಗೆರೆ ಎಳೆದಿದ್ದೆ. ಅಳಿಯ ಇಣುಕಿ ನೋಡಿ, "ಮಾವ, ಇವನನ್ನು ಕರೆಯುವುದಿಲ್ಲ, ಡಾನಿ ಆಲ್ವೆಸ್ ಬರೀರಿ" ಎಂದ. 39 ವರ್ಷದವನನ್ನು ಯಾರು ಕರೆಯುತ್ತಾರೆ ಹೋಗೋ ಎಂದೆ. ನವೆಂಬರ್ 7ಕ್ಕೆ ಪಟ್ಟಿ ಬಂತು. ಒಂಬತ್ತು ಫಾರ್ವರ್ಡ್‌ಗಳು, ಅವರಲ್ಲಿ ಫಿರ್ಮಿನೊ ಇಲ್ಲ, ಹಿಂದೆ ಆಡುವ ಡಿಫೆಂಡರ್‌ಗಳಲ್ಲಿ ಆಲ್ವೆಸ್ ಇದ್ದಾನೆ! ಕೊನೆಯ ಮೂರು ಗೆರೆಯಲ್ಲಿ ಕೋಚ್ ಯಾರು ಜಾಸ್ತಿ ಚೆನ್ನಾಗಿ ಆಡುತ್ತಾರೆ ಎಂದು ಮಾತ್ರ ನೋಡುವುದಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ನಾಲ್ಕು ಜನಕ್ಕೆ ಹೇಳುವ ಹಿರಿಯ ಬೇಕಾ, ಕೊನೆ ಹದಿನೈದು ನಿಮಿಷಕ್ಕೆ ಓಡುವ ಹುಡುಗ ಬೇಕಾ, ಎರಡು ಮೂರು ಜಾಗದಲ್ಲಿ ಆಡುವವನು ಬೇಕಾ ಎಂದು ನೋಡುತ್ತಾರೆ. ಆ ಕೋಚ್ ಹಿಂದೆ ಯಾವುದನ್ನು ಆರಿಸಿದ್ದರು ಎಂದು ಹುಡುಕಿದರೆ ಅರ್ಧ ಕೆಲಸ ಮುಗಿಯಿತು.

ಕ್ಲಬ್‌ನಲ್ಲಿ ಹೊಡೆದ ಗೋಲುಗಳನ್ನು ನಂಬಿ ಕೂರಬೇಡಿ. ದೇಶದ ತಂಡದ ಹಿಂದಿನ ಎರಡು ಮೂರು ಕ್ಯಾಂಪಿಗೆ ಯಾರನ್ನು ಕರೆದಿದ್ದರು, ಯಾರನ್ನು ಬೆಂಚಿನಲ್ಲೇ ಕೂರಿಸಿದ್ದರು ಎಂದು ನೋಡಿ. 2018ರಲ್ಲಿ ಲೆರಾಯ್ ಸಾನೆ ಇಂಗ್ಲೆಂಡಿನಲ್ಲಿ ವರ್ಷದ ಯುವ ಆಟಗಾರ. ಆದರೂ ಜರ್ಮನಿಯ ಕೋಚ್ ಲೋವ್ ಅವನನ್ನು ಬಿಟ್ಟು ಬ್ರಾಂಟ್‌ನನ್ನು ಕರೆದುಕೊಂಡು ಹೋದರು. ಜರ್ಮನಿ ಮೊದಲ ಸುತ್ತಿನಲ್ಲೇ ಮನೆಗೆ ಬಂತು, ಅದು ಬೇರೆ ವಿಷಯ. ಕೋಚ್ ಮಾಡಿದ್ದು ಸರಿಯಾ ತಪ್ಪಾ ಎಂದು ಜಗಳ ಆಡಲು ರಾತ್ರಿ ಇಡೀ ಇದೆ, ಇಲ್ಲಿ ನಮ್ಮ ಕೆಲಸ ಅವರ ತಲೆಯೊಳಗೆ ಏನಿದೆ ಎಂದು ಊಹಿಸುವುದು ಮಾತ್ರ.

ಪಟ್ಟಿ ಬಂದ ಕೂಡಲೇ ಹಾಳೆ ಹರಿದು ಬಿಸಾಡಬೇಡಿ. ಗಾಯ ಆದರೆ ಮೊದಲ ಮ್ಯಾಚಿಗೆ 24 ಗಂಟೆ ಇರುವವರೆಗೂ ಬದಲಾಯಿಸಬಹುದು. 2022ರಲ್ಲಿ ಅರ್ಜೆಂಟೀನಾದ ನಿಕೋಲಸ್ ಗೊನ್ಸಾಲೆಸ್, ಹೋಕಿನ್ ಕೊರೆಯಾ ಇಬ್ಬರೂ ಕೊನೇ ಗಳಿಗೆಯಲ್ಲಿ ಹೊರಗೆ ಹೋದರು. ಆಂಜೆಲ್ ಕೊರೆಯಾ, ಅಲ್ಮಾಡಾ ಬಂದರು, ತಿಂಗಳು ಕಳೆದಾಗ ವಿಶ್ವ ಚಾಂಪಿಯನ್ ಆಗಿದ್ದರು. ಆ ಗಡುವು ದಾಟಿದರೆ ಗೋಲಿ ಒಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಬದಲಿಸಲು ಬಿಡುವುದಿಲ್ಲ. ಅದೇ ಕಪ್‌ನಲ್ಲಿ ಗೇಬ್ರಿಯಲ್ ಜೀಸಸ್, ಅಲೆಕ್ಸ್ ಟೆಲ್ಲೆಸ್ ಮಧ್ಯದಲ್ಲಿ ಗಾಯಗೊಂಡಾಗ ಬ್ರೆಜಿಲ್ 24 ಜನರಲ್ಲೇ ಸುಧಾರಿಸಿತು. ಹಾಗಾಗಿ ನಿಮ್ಮ ಆಟದಲ್ಲೂ ಮೊದಲೇ ಮಾತಾಡಿಕೊಳ್ಳಿ, ಘೋಷಣೆಯ ದಿನದ ಪಟ್ಟಿಯಾ, ಕಪ್ ಶುರುವಾಗುವ ದಿನದ್ದಾ. ಇಲ್ಲದಿದ್ದರೆ ಪರೋಟ ತಣ್ಣಗಾಗುವವರೆಗೂ ವಾದ ಮುಗಿಯುವುದಿಲ್ಲ.

ಭಾರತದ ಪಟ್ಟಿಗೂ ಇದೇ ದಾರಿ, ಆದರೆ ಫಾರ್ವರ್ಡ್ ಗೆರೆಗಳಿಗೆ ಬಂದಾಗ ಹೆಸರೇ ಸಿಗುವುದಿಲ್ಲ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್‌ಗಳಲ್ಲಿ ಆ ಜಾಗದಲ್ಲಿ ಹೆಚ್ಚಾಗಿ ವಿದೇಶಿಯರೇ ಆಡುವುದು, ಕೋಚ್ ಆರಿಸುವುದಾದರೂ ಯಾರನ್ನು? 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಮೂರು ಮ್ಯಾಚ್ ಆಡಿ ಒಂದೂ ಗೋಲು ಬರಲಿಲ್ಲ. ನಮ್ಮದೇ ಜಿಲ್ಲೆಯ ತೃಕ್ಕರಿಪುರದ ಮಹಮ್ಮದ್ ರಫಿ ಭಾರತಕ್ಕೆ ಆಡಿದ ಫಾರ್ವರ್ಡ್, ಆ ಥರ ತಲೆಯಲ್ಲಿ ಗೋಲು ಹೊಡೆಯುವವನು ಈಗ ಒಬ್ಬ ಇದ್ದಿದ್ದರೆ ಹಾಳೆ ತುಂಬಿಸುವುದು ಎಷ್ಟು ಸುಲಭ ಇತ್ತು.

ಕೊನೆಗೆ ಇಬ್ಬರಿಗೆ ಸಮ ಪಾಯಿಂಟ್ ಬಂದರೆ ಹತ್ತನೇ ನಂಬರ್ ಅಂಗಿ ಯಾರಿಗೆ ಎಂದು ಕೇಳಬೇಡಿ, ಅದು ಚಾ ಮಾಡುವವರಿಗೂ ಗೊತ್ತು. ಮೂರನೇ ಗೋಲಿ ಯಾರು ಎಂದು ಕೇಳಿ. ಅಳಿಯ ವೆವರ್ಟನ್ ಎಂದು ಬರೆದಿದ್ದ, ನಾನು ಆ ಗೆರೆ ಖಾಲಿ ಬಿಟ್ಟಿದ್ದೆ.